ಇಪ್ಪತ್ತೆಂಟರಿಂದ ನಾನೂರು

ಹತ್ತಿರದ್ದು, ದೂರದ್ದು ಎಲ್ಲವನ್ನೂ ಈ ಒಂದೇ ಲೆನ್ಸ್ ಹಿಡಿಯುತ್ತದೆ ಎಂದು ಕಂಪನಿ ಹೇಳಿಕೊಂಡಿತ್ತು. ಅದು ನಿಜವೇ ಎಂದು ಪರೀಕ್ಷಿಸಿ ಬರೆಯಲು ಸುದರ್ಶನ ತನ್ನ ಫುಲ್‌ಫ್ರೇಮ್ ಕ್ಯಾಮೆರಾಕ್ಕೆ ಅದನ್ನು ಹಾಕಿಕೊಂಡು ಕಡಲತೀರಕ್ಕೆ ಬಂದಿದ್ದ. ಇಪ್ಪತ್ತೆಂಟು ಎಂಎಂನಲ್ಲಿ ಇಡೀ ತೀರ ಸಿಕ್ಕಿತು. ನಾನೂರಕ್ಕೆ ತಿರುಗಿಸಿದರೆ ದೂರದ ಬೋಟಿನ ನಂಬರನ್ನೂ ಓದಬಹುದಿತ್ತು. ಚಿತ್ರದ ಅಂಚು ಮಾತ್ರ ಸ್ವಲ್ಪ ಮಸುಕು.

ಮರಳಿನಲ್ಲಿ ಕೂತಿದ್ದ ಹೆಂಗಸೊಬ್ಬಳು ಎದ್ದು ಬಂದಳು. ಅವಳ ಗಂಡ ಹೋದ ದೋಣಿ ಮೂರು ದಿನವಾದರೂ ಮರಳಿಲ್ಲವೆಂದು ಸುದರ್ಶನ ಚಹಾದಂಗಡಿಯಲ್ಲಿ ಕೇಳಿದ್ದ.

“ಸರ್, ಆ ಬಂಡೆ ಹತ್ರ ಹದ್ದುಗಳು ಸುತ್ತುತ್ತಾ ಉಂಟು. ಎಂತ ಅಂತ ಸ್ವಲ್ಪ ನೋಡ್ತೀರಾ?”

ಅವನು ನಾನೂರಕ್ಕೆ ತಿರುಗಿಸಿ ನೋಡಿದ. ಬಂಡೆಯ ಸಂದಿನಲ್ಲಿ ಒಬ್ಬ ಮನುಷ್ಯ ಬೋರಲಾಗಿ ಬಿದ್ದಿದ್ದ. ಅಲೆ ಬಂದಾಗಲೆಲ್ಲ ಕೈಯೊಂದು ಮೇಲೆದ್ದು ಬೀಳುತ್ತಿತ್ತು.

“ಎಂತ ಕಾಣ್ತದೆ?”

“ಹರಿದ ಬಲೆ, ಅಕ್ಕ. ಬೇರೇನಿಲ್ಲ.”

ಮೊದಲು ಪೊಲೀಸರಿಗೆ ತಿಳಿಸೋಣ, ಇವಳಿಗೆ ಮನೆಯವರೇ ಹೇಳಲಿ ಎಂದುಕೊಂಡ.

“ನಾನೂ ಒಮ್ಮೆ ನೋಡ್ತೇನೆ.”

ಇಲ್ಲವೆನ್ನಲು ಅವನಿಂದಾಗಲಿಲ್ಲ. ಕೊಡುವ ಮೊದಲು ಲೆನ್ಸನ್ನು ಇಪ್ಪತ್ತೆಂಟಕ್ಕೆ ತಿರುಗಿಸಿದ. ಅದರಲ್ಲಿ ಬಂಡೆ ಒಂದು ಕಪ್ಪು ಚುಕ್ಕೆಯಷ್ಟೇ.

ಅವಳು ಬಹಳ ಹೊತ್ತು ನೋಡಿದಳು. ಕ್ಯಾಮೆರಾ ಹಿಂದಿರುಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

“ಬರೀ ಬಲೆ ಆಗಿದ್ರೆ ನೀವು ಕೊಡುವ ಮೊದಲು ಅದನ್ನು ತಿರುಗಿಸ್ತಿರಲಿಲ್ಲ,” ಎಂದಳು. “ಅಂಗಿ ಯಾವ ಬಣ್ಣದ್ದು, ಸರ್?”