‘ಧೂಳುಗ್ರಹ’ ಗೇಮಿನ ಆ ದಣಿದ ಧ್ವನಿ

ಎರಡು ನಿಮಿಷ ಬಿಡುವು ಮಾಡಿಕೊಂಡು ಓದಿ... ಕಂಪ್ಯೂಟರ್ ಗೇಮ್ ಆಡದವರೂ ಓದಬಹುದು.

ತುಮಕೂರಿನಲ್ಲಿ ಚಿದಾನಂದ ಅಂತ ಒಬ್ಬ ಯುವಕ. ಹೊಸ ಗೇಮ್ ಬಂದರೆ ಸಾಕು, ಅರ್ಧ ಗಂಟೆ ಆಡಿ “ಫಸ್ಟ್ ಇಂಪ್ರೆಶನ್” ಅಂತ ಕನ್ನಡದಲ್ಲಿ ವಿಡಿಯೋ ಹಾಕುತ್ತಿದ್ದ.

ಅರ್ಧ ಗಂಟೆ... ಅಷ್ಟೇ. ಅಷ್ಟರಲ್ಲೇ ಗೇಮಿನ ಜಾತಕ ಬರೆದು ಮುಗಿಸುತ್ತಿದ್ದ. ಇವತ್ತು ಯಾರ ಕಾಲೆಳೆಯುತ್ತಾನೆ ಅಂತ ನೋಡಲೆಂದೇ ಜನ ಬರುತ್ತಿದ್ದರು.

ಒಂದು ಭಾನುವಾರ ಅವನ ಕೈಗೆ “ಧೂಳುಗ್ರಹ” ಎಂಬ ಗೇಮ್ ಸಿಕ್ಕಿತು. ಪೂರ್ತಿ ಕನ್ನಡದ್ದು.

ಯಾವುದೋ ದೂರದ ಗ್ರಹದಲ್ಲಿ ಅದಿರು ಅಗೆಯಬೇಕು, ಕೋಟೆ ಕಟ್ಟಬೇಕು, ಸೈನ್ಯ ಬೆಳೆಸಬೇಕು. ಚದುರಂಗದ ಹಾಗೆ ಸರದಿ ಕಾಯುವಂತಿಲ್ಲ... ನಾವು ಯೋಚಿಸುತ್ತಾ ಕುಳಿತರೆ ಶತ್ರು ಬಾಗಿಲಿಗೇ ಬಂದಿರುತ್ತಾನೆ.

ಗ್ರಾಫಿಕ್ಸ್ ಪರವಾಗಿಲ್ಲ ಅಂದ. ಶತ್ರು ಪಡೆ ಚುರುಕಾಗಿದೆ ಅಂದ. ಆಮೇಲೆ ಅದಿರು ಅಗೆಯುವ ಪುಟ್ಟ ಯಂತ್ರದ ಮೇಲೆ ಕ್ಲಿಕ್ ಮಾಡಿದ.

“ಬಂದೆ... ಇರಿ...” ಅಂತ ಒಂದು ಹೆಣ್ಣು ಧ್ವನಿ. ಎರಡು ಮಾತಿನ ನಡುವೆ ಉದ್ದನೆಯ ಉಸಿರು.

ಆ ಮಾತು ಮುಗಿಯುವ ಮೊದಲೇ ಚಿದಾನಂದ ಗೊಳ್ಳೆಂದು ನಕ್ಕ.

“ಲೋ, ಈ ರೋಬೋಟ್‌ಗೆ ಯಾರಾದ್ರೂ ಗ್ಲೂಕೋಸ್ ಹಾಕ್ರಪ್ಪ! ಇದು ಯುದ್ಧ ಮಾಡೋಕ್ ಬಂದಿದ್ಯೋ, ವಾರ್ಡಲ್ಲಿ ಮಲ್ಗೋಕ್ ಬಂದಿದ್ಯೋ?”

ಬೇಕೆಂದೇ ಇಪ್ಪತ್ತು ಸಲ ಕ್ಲಿಕ್ ಮಾಡಿದ. ಅದು ಸಾಲದೆಂದು ಎಡಿಟಿಂಗ್ ಮಾಡುವಾಗ ನೂರು ಜನ ಒಟ್ಟಿಗೆ ನಗುವ ಸದ್ದನ್ನೂ ಅದರ ಮೇಲೆ ಸೇರಿಸಿದ.

ವಿಡಿಯೋ ಮನೆಮನೆಗೂ ಮುಟ್ಟಿತು. “ಗ್ಲೂಕೋಸ್ ಅಕ್ಕ” ಅಂತ ಸ್ಟಿಕರ್‌ಗಳೂ ಬಂದವು. ಚಿದಾನಂದ ನೆಲದ ಮೇಲೆ ನಡೆಯುತ್ತಿರಲಿಲ್ಲ ಬಿಡಿ!

ನಾಲ್ಕು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವನ ಮನೆಗೆ ನಲವತ್ತೈದರ ಆಸುಪಾಸಿನ ಒಬ್ಬರು ಬಂದರು. ಹೆಗಲಲ್ಲಿ ಲ್ಯಾಪ್‌ಟಾಪ್ ಬ್ಯಾಗು.

“ನಾನು ರೇಣುಕಪ್ರಸಾದ್ ಅಂತ. ತಿಪಟೂರು. ಹೈಸ್ಕೂಲಲ್ಲಿ ಕಂಪ್ಯೂಟರ್ ಮೇಷ್ಟ್ರು. ಧೂಳುಗ್ರಹ ಮಾಡಿದ್ದು ನಾನೇ.”

ಜಗಳಕ್ಕೇ ಬಂದಿದ್ದಾರೆ ಅಂದುಕೊಂಡ ಚಿದಾನಂದ. ಆದರೆ ಮೇಷ್ಟ್ರು ದನಿ ಏರಿಸಲಿಲ್ಲ. ಲ್ಯಾಪ್‌ಟಾಪ್ ತೆರೆದು, “ಹೊಸ ವರ್ಷನ್ ಇದು. ಒಂದ್ಸಲ ಕೇಳ್ತೀರಾ?” ಅಂದರು.

ಚಿದಾನಂದ ಅದೇ ಪುಟ್ಟ ಯಂತ್ರದ ಮೇಲೆ ಕ್ಲಿಕ್ ಮಾಡಿದ.

“ಅಪ್ಪಣೆ! ಈಗಲೇ ಹೊರಟೆ!” ಗಟ್ಟಿಯಾದ, ಖಡಕ್ ಧ್ವನಿ.

“ಸೂಪರ್ ಸರ್! ಇದು ಮಜಾ ಇದೆ. ಯಾರ್ ಹತ್ರ ಮಾಡಿಸಿದ್ರಿ?”

“ಅದೂ ಅವಳೇ... ಇದೂ ಅವಳೇ. ನನ್ನ ಹೆಂಡ್ತಿ, ಸುಮಂಗಳಾ.”

ಮೇಷ್ಟ್ರು ನಿಧಾನವಾಗಿ ಹೇಳತೊಡಗಿದರು. ಹೆಂಡತಿಗೆ ಶ್ವಾಸಕೋಶದ ಕಾಯಿಲೆ. ಎರಡು ವರ್ಷ ಹಾಸಿಗೆಯಲ್ಲೇ, ಮೂಗಿಗೆ ಆಕ್ಸಿಜನ್ ಪೈಪ್ ಹಾಕಿಕೊಂಡು. “ನಿಮ್ಮ ಗೇಮಲ್ಲಿ ನಂಗೂ ಏನಾದ್ರೂ ಕೆಲ್ಸ ಕೊಡಿ” ಅಂತ ಆಕೆಯೇ ಕೇಳಿದ್ದರಂತೆ. ಪೈಪ್ ತೆಗೆದು ಎರಡು ಮಾತು, ಮತ್ತೆ ಪೈಪ್... ಹಾಗೆ ಮಾಡಿದ ರೆಕಾರ್ಡಿಂಗ್ ಅದು.

“ನಿಮ್ಮ ವಿಡಿಯೋ ಅವಳೂ ನೋಡಿದ್ಲು. ನಕ್ಕಳು... ಆಮೇಲೆ ಗೋಡೆ ಕಡೆ ತಿರುಗಿ ಮಲ್ಕೊಂಡ್ಲು.”

ಚಿದಾನಂದ ತಲೆ ತಗ್ಗಿಸಿದ.

“ಮಾರನೇ ದಿನ, ‘ಆ ಹುಡುಗ ಹೇಳಿದ್ದು ಸರಿ ಕಣ್ರೀ, ಇನ್ನೊಂದ್ಸಲ ಮಾಡೋಣ’ ಅಂದ್ಲು. ಡಾಕ್ಟ್ರು ಬೇಡ ಅಂದ್ರು. ಕೇಳ್ಬೇಕಲ್ಲ! ಹದಿನಾಲ್ಕು ಮಾತು... ಹನ್ನೊಂದು ದಿನ ಹಿಡೀತು. ಆಮೇಲೆ ಹಳೇ ರೆಕಾರ್ಡಿಂಗನ್ನ ಅವಳ ಕಣ್ಣೆದುರಿಗೇ ಅಳಿಸೋಕೆ ಹೇಳಿದ್ಲು. ‘ನನ್ನ ಆ ಧ್ವನಿ ಇನ್ನೆಲ್ಲೂ ಇರಬಾರ್ದು’ ಅಂದ್ಲು. ಅಳಿಸಿದೆ. ಅಪ್‌ಡೇಟ್ ಬಂದ್ಮೇಲೆ ಗೇಮಲ್ಲೂ ಅದು ಹೋಯ್ತು.”

“ಈಗ... ಹೇಗಿದಾರೆ ಸರ್?”

“ಹೋಗಿ ಒಂದು ತಿಂಗಳಾಯ್ತಪ್ಪ.”

ಚಿದಾನಂದ ಫೋನ್ ತೆಗೆದ.

“ಸರ್, ಆ ವಿಡಿಯೋ ಈಗ್ಲೇ ಡಿಲೀಟ್ ಮಾಡ್ತೀನಿ...”

ಮೇಷ್ಟ್ರು ಧಡಕ್ಕನೆ ಅವನ ಕೈ ಹಿಡಿದುಕೊಂಡರು. “ಅಯ್ಯೋ ಬೇಡಪ್ಪ! ಉಳಿದಿರೋದು ಅದೊಂದೇ!”

ಅಲ್ಲಿಯತನಕ ತಡೆದಿದ್ದ ಕಣ್ಣೀರು ಈಗ ಅವರ ಕೆನ್ನೆಯ ಮೇಲೆ ಹರಿಯಿತು.

“ಈ ಖಡಕ್ ಧ್ವನಿ ಅವಳ ನಿಜವಾದ ಧ್ವನಿ ಅಲ್ಲ... ನಿಮಗೋಸ್ಕರ ಮಾಡಿದ್ದು. ಮನೇಲಿ ನಾನು ಕೂಗಿದ್ರೆ ‘ಬಂದೆ... ಇರಿ...’ ಅಂತಾನೇ ಅನ್ನೋಳು. ಮದುವೆ ವಿಡಿಯೋದಲ್ಲಿ ಬರೀ ಓಲಗ ಇದೆ, ಅವಳ ಮಾತಿಲ್ಲ. ನಿಮ್ಮ ವಿಡಿಯೋದಲ್ಲಿ ಅವಳಿದಾಳೆ... ಆದ್ರೆ ಮೇಲೆಲ್ಲಾ ನಗು ಇದೆ. ನಗು ಇಲ್ದೇ ಇರೋ ಒರಿಜಿನಲ್ ಇದ್ರೆ ಕೊಡ್ತೀರಾ? ಅದನ್ನ ಕೇಳೋಕೇ ಬಂದೆ.”

ಚಿದಾನಂದ ಕಂಪ್ಯೂಟರಿನ ಫೋಲ್ಡರ್‌ಗಳನ್ನೆಲ್ಲಾ ಜಾಲಾಡಿದ. ಹಾರ್ಡ್ ಡಿಸ್ಕ್, ಪೆನ್‌ಡ್ರೈವ್, ಹಳೇ ಫೋನ್... ಒಂದನ್ನೂ ಬಿಡಲಿಲ್ಲ. ಎಲ್ಲಿಂದ ಸಿಗಬೇಕು? ಜಾಗ ಸಾಲದು ಅಂತ ಒರಿಜಿನಲ್ ಅಳಿಸಿದ್ದ. ಹಳೇ ಧ್ವನಿ ಇದ್ದ ಗೇಮನ್ನೂ ವಿಡಿಯೋ ಮಾಡಿದ ದಿನ ಸಂಜೆಯೇ ತೆಗೆದು ಹಾಕಿದ್ದ.

ನಗುವನ್ನಾದರೂ ಬೇರ್ಪಡಿಸೋಣ ಅಂತ ಮಧ್ಯಾಹ್ನದವರೆಗೆ ಒದ್ದಾಡಿದ. ಆದರೆ ನಗು ತೆಗೆದರೆ ಆ ಧ್ವನಿಯೂ ಹೋಗುತ್ತಿತ್ತು... ಉಸಿರಂತೂ ಪೂರ್ತಿ ಅಳಿಸಿಹೋಗುತ್ತಿತ್ತು.

“ಕ್ಷಮಿಸಿ ಸರ್...” ಅಂತ ಮೇಷ್ಟ್ರ ಕಾಲ ಬಳಿ ಕುಳಿತು ಬಿಕ್ಕಿಬಿಕ್ಕಿ ಅತ್ತ.

ಮೇಷ್ಟ್ರು ಅವನ ತಲೆ ಸವರಿದರು. “ಹೋಗ್ಲಿ ಬಿಡಪ್ಪ... ಊಟಕ್ಕೆ ಕೂತ್ಕೊಳ್ಳೋವಾಗ ದಿನಾ ಒಂದ್ಸಲ ಹಾಕ್ಕೊಳ್ತೀನಿ. ಕೇಳಿ ಕೇಳಿ ನಿಮ್ಮ ನಗೂನೂ ಅಭ್ಯಾಸ ಆಗಿದೆ.”

ಅಷ್ಟು ಹೇಳಿ ಬ್ಯಾಗು ಹೆಗಲಿಗೇರಿಸಿಕೊಂಡು ಬಸ್‌ಸ್ಟ್ಯಾಂಡಿನ ದಾರಿ ಹಿಡಿದರು.

ಚಿದಾನಂದ ಆ ವಿಡಿಯೋವನ್ನು ಬೇರೆ ಯಾರಿಗೂ ಕಾಣದಂತೆ ಮಾಡಿದ. ಅದರ ಲಿಂಕ್ ಈಗ ಇರುವುದು ಮೇಷ್ಟ್ರ ಹತ್ತಿರ ಮಾತ್ರ.

ಪ್ರತಿ ದಿನ ಮಧ್ಯಾಹ್ನ ಅದಕ್ಕೆ ಒಂದೇ ಒಂದು ವ್ಯೂ ಹೆಚ್ಚಾಗುತ್ತದೆ... ಆ ಹೊತ್ತಿಗೆ ಚಿದಾನಂದ ಊಟದ ತಟ್ಟೆ ಪಕ್ಕಕ್ಕೆ ಸರಿಸುತ್ತಾನೆ.

🙏

ನಮಗೆ ಅರ್ಧ ಗಂಟೆಯಲ್ಲಿ ನಗು ತರಿಸಿದ್ದು, ಇನ್ನೊಬ್ಬರು ಉಸಿರು ಕಟ್ಟಿ ಮಾಡಿದ ಕೆಲಸವಾಗಿರಬಹುದು.

ನಿನ್ನೆ ನೀವು ನಕ್ಕು, ನಾಲ್ಕು ಜನಕ್ಕೆ ಕಳಿಸಿದ ಆ ವಿಡಿಯೋದಲ್ಲಿ ಇದ್ದವರು ಯಾರು... ಒಮ್ಮೆಯಾದರೂ ಯೋಚಿಸಿದ್ದೀರಾ?