ಹಿಡಿದ ಜಾಗ

ಲಾರಿಯ ಹಾರ್ನ್ ಮತ್ತೆ ಕೂಗಿದರೂ ಯಂಕವ್ವ ಹತ್ತಲಿಲ್ಲ. ವಾಕಡದ ಕಟ್ಟಡ ಮುಗಿದಿತ್ತು; ಕೂಲಿಯವರ ಶೆಡ್ಡಿನ ತಗಡು, ಪಾತ್ರೆ, ಮಂದಿ ಎಲ್ಲ ಹಿಂಜವಾಡಿಯ ಹೊಸ ಕೆಲಸಕ್ಕೆಂದು ಲಾರಿ ಏರಿಯಾಗಿತ್ತು. ಇನ್ನು ಮರಿ ಹಾಕದಂತೆ ಆಪರೇಷನ್ನಿಗೆ ಒಯ್ದ ನಾಯಿ ಕೆಂಪಿ ಮಾತ್ರ ಬಂದಿರಲಿಲ್ಲ.

"ನಾಯಿ ಸಲುವಾಗಿ ಕೆಲಸ ಕಳಕೋತಿ ಏನ?" ಗಂಡ ಅಂಬಾರಾಯ ಮೇಲಿಂದ ಗದರಿದ. ಅವಳು ಸೆರಗನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ರಸ್ತೆಯನ್ನೇ ನೋಡುತ್ತಿದ್ದಳು.

ಕೊನೆಗೂ ವ್ಯಾನು ಬಂತು. ಪ್ರಾಣಿದಯಾ ಸಂಘದ ರೇಣು ಪಂಜರ ಇಳಿಸಿದಳು. ಕೆಂಪಿಯ ಕಿವಿಯ ತುದಿಯಲ್ಲಿ ಆಪರೇಷನ್ ಆದ ಗುರುತಿನ ಕಚ್ಚು ಇತ್ತು. ಯಂಕವ್ವ ಪಂಜರ ಎತ್ತಲು ಬಗ್ಗಿದಾಗ ರೇಣು ತಡೆದಳು.

"ಲಾರಿಯಾಗ ಒಯ್ಯಾಕ ಬರಂಗಿಲ್ಲ, ಯಂಕವ್ವ. ಹಿಡಿಯೋರು ನಾವು, ಆಪರೇಷನ್ ಮಾಡೋರು ಬ್ಯಾರೆ ಸಂಘದವರು. ಹಿಡಿದ ಜಾಗದಾಗ ಬಿಡಬೇಕಂತ ಇಬ್ಬರ ನಡುವ ಮಾತಾಗ್ಯದ."

ಹಿಡಿದ ಜಾಗದಲ್ಲಿ ಈಗ ಒಲೆಯ ಕಲ್ಲುಗಳಷ್ಟೇ ಉಳಿದಿದ್ದವು. ಸಂಘದವರು ಹಿಡಿಯಲು ಬಂದ ದಿನ ಬಲೆ ಕಂಡು ಓಡಿದ ಕೆಂಪಿ ಯಾರಿಗೂ ಸಿಕ್ಕಿರಲಿಲ್ಲ. ರೊಟ್ಟಿ ತೋರಿಸಿ ಕರೆದು, ಎತ್ತಿ ಕೊಟ್ಟವಳು ಯಂಕವ್ವನೇ.

ಅವಳು ಪಂಜರದ ಮುಂದೆ ಕುಕ್ಕರಗಾಲಲ್ಲಿ ಕುಳಿತು ಎರಡೂ ಕೈ ಚಾಚಿದಳು.

"ನೀವು ಹಿಡದದ್ದು ಈ ಕೈಯಾಗಿಂದ ಅಲ್ಲೇನ್ರಿ? ಇಲ್ಲೇ ಬಿಡ್ರಿ."