ಮಿಡಿಸೌತೆ ಶೆಡ್ಡಿನ ತಪಾಸಣೆ

ಸಂಗೀತ ಬೆರಳ ಬಿರುಕುಗಳಿಗೆ ಮೆತ್ತಿದ್ದ ಅರಿಶಿನ ತೊಳೆಯುತ್ತಿದ್ದಳು. ಇವತ್ತು ಯಾರ ಕೈಯಲ್ಲೂ ಅರಿಶಿನ ಕಾಣಬಾರದು. ಸಾಹುಕಾರ ವೀರಬಸಪ್ಪನ ಅಪ್ಪಣೆ.

ಶಿರಾಳಕೊಪ್ಪದ ಆ ಶೆಡ್ಡಿನಲ್ಲಿ ಹೆಂಗಸರು ಮಿಡಿಸೌತೆಯನ್ನು ಉಪ್ಪು, ವಿನಿಗರ್‌ನಲ್ಲಿ ನೆನೆಹಾಕಿ ಡ್ರಮ್ಮಿಗೆ ತುಂಬುತ್ತಿದ್ದರು. ಮಾಲು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತಿತ್ತು. ಆಳುಗಳನ್ನು ಚೆನ್ನಾಗಿ ನೋಡಿಕೊಂಡರೆ ಮಾತ್ರ ಖರೀದಿ ಎಂದು ಹೊಸ ಕರಾರಿನಲ್ಲಿ ಬರೆದಿದೆಯಂತೆ. ಅದನ್ನು ನೋಡಲು ಇವತ್ತು ಒಬ್ಬ ಮೇಡಂ ಬರುತ್ತಾರೆ ಎಂದಿದ್ದ ಸಾಹುಕಾರ. ಎಲ್ಲರಿಗೂ ಹೊಸ ಬಿಳಿ ಗ್ಲೌಸು ಬಂತು.

“ಮದುವೇಲೂ ನನ್ ಕೈ ಇಷ್ಟು ಬೆಳ್ಳಗಿರ್ಲಿಲ್ಲ ಕಣೇ,” ಎಂದಳು ಪಕ್ಕದ ದುರ್ಗಮ್ಮ. ಆಮೇಲೆ ದನಿ ತಗ್ಗಿಸಿದಳು. “ಇವತ್ತು ನಾನು ಹೇಳೇಬಿಡ್ತೀನಿ. ಒಬ್ಳೇ ಹೇಳಿದ್ರೆ ಹುಚ್ಚಿ ಅಂತಾರೆ. ನೀನೂ ಹೂಂ ಅನ್ನು, ಸಾಕು.”

ಸಂಗೀತ ಆಗಲಿ ಎಂದು ತಲೆಯಾಡಿಸಿದಳು.

ಮೇಡಂ ಬಂದರು. ಹೊಸಬರನ್ನು ಕಂಡರೆ ಹಗ್ಗ ಹರಿಯುವ ಸಾಹುಕಾರನ ನಾಯಿ ಅವರ ಸೀರೆ ಮೂಸಿ ಬಾಲ ಆಡಿಸಿತು. ಸಾಹುಕಾರನನ್ನು ಅವರೇ ಹೊರಗೆ ಕಳಿಸಿದರು. “ಹೆದರ್ಬೇಡ್ರವ್ವಾ. ತೊಂದ್ರೆ ಇದ್ರೆ ಹೇಳ್ರಿ.”

ದುರ್ಗಮ್ಮ ಎದ್ದಳು. “ಈ ಗ್ಲೌಸು ಇವತ್ತೇ ಕೊಟ್ಟಿದ್ದು ಕಣ್ರೀ. ಕೆಲಸ ಶುರುವಾದ್ರೆ ಬಾಗ್ಲಿಗೆ ಹೊರಗಿಂದ ಬೀಗ. ಮೊನ್ನೆ ನಮ್ ಜೊತೆ ಕೆಲಸದ ಹೂವಮ್ಮ ವಿನಿಗರ್ ಘಾಟಿಗೆ ಎಚ್ಚರ ತಪ್ಪಿ ಬಿದ್ಲು, ಬಾಗ್ಲು ತೆಗೆಯೋರಿಲ್ಲ. ಬೇಕಾದ್ರೆ ಇವಳ್ನ ಕೇಳ್ರಿ.”

“ಹೌದೇನವ್ವಾ?” ಮೇಡಂ ಸಂಗೀತಳತ್ತ ತಿರುಗಿದರು.

ಮನೆಯಲ್ಲಿ ಅವ್ವ ಗುತ್ಯಮ್ಮ ಹಾಸಿಗೆ ಹಿಡಿದಿದ್ದಳು, ದುಡಿಯುವವಳು ಇವಳೊಬ್ಬಳೇ. ಸಂಗೀತ ನೆಲ ನೋಡಿದಳು. “ಇಲ್ರೀ... ಹಂಗೇನಿಲ್ಲ.”

ದುರ್ಗಮ್ಮ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೇಡಂ ದುರ್ಗಮ್ಮನ ಹೆಸರನ್ನಷ್ಟೇ ಕೇಳಿಕೊಂಡು ಹೊರಟರು.

ರಾತ್ರಿ ಸಂಗೀತ ಅವ್ವನಿಗೆ ಗಂಜಿ ಕುಡಿಸಿದಳು. ನಾಳೆ ಕಾಲು ಹಿಡಿದಾದರೂ ದುರ್ಗಮ್ಮನ ಕ್ಷಮೆ ಕೇಳಬೇಕು ಎಂದುಕೊಂಡಳು.

ಮರುದಿನ ದುರ್ಗಮ್ಮನ ಜಾಗ ಖಾಲಿ. ನಿನ್ನೆ ವಾಪಸು ಕಿತ್ತುಕೊಂಡಿದ್ದ ಗ್ಲೌಸನ್ನು ಮತ್ತೆ ಹಂಚಿದರು. ಯಾಕೆಂದು ಯಾರಿಗೂ ತಿಳಿಯಲಿಲ್ಲ. ಹೊರಗೆ ಕಾರು ನಿಂತಿತು. ನಾಯಿ ಹುಚ್ಚೆದ್ದು ಬೊಗಳಿತು. ಕೆಂಪು ಮುಖದ ಪರದೇಶದವನೊಬ್ಬ ಒಳಬಂದ.

“ತಪಾಸಣೆ ಸಾಹೇಬ್ರು ಇವ್ರೇ,” ಎಂದ ವೀರಬಸಪ್ಪ. “ಕನ್ನಡ ಬರಲ್ಲ. ದಾವಣಗೆರೆಯಿಂದ ನಮ್ ನಾದಿನಿ ಬಂದಿದಾಳೆ, ಇಂಗ್ಲಿಷ್ ಓದಿದೋಳು. ನೀವು ಹೇಳಿದ್ದನ್ನ ಅವ್ಳೇ ತಿಳಿಸ್ತಾಳೆ.”

ಅವನ ಹಿಂದಿನಿಂದ ನಿನ್ನೆಯ ಮೇಡಂ ಮುಂದೆ ಬಂದಳು.

ಪರದೇಶದವ ಖಾಲಿ ಜಾಗ ತೋರಿಸಿ ಏನೋ ಕೇಳಿದ.

“ಇಲ್ಲಿ ಕೂರ್ತಿದ್ದೋಳು ಯಾರು ಅಂತ ಕೇಳ್ತಿದಾರೆ,” ಎಂದಳು ಆಕೆ, ಸಂಗೀತಳನ್ನೇ ನೋಡುತ್ತ. “ಹೇಳ್ರವ್ವಾ.”